‘ರೇಷನ್ ಬಂತು’ ಎಂದು ಬರೆಯುವವರಿಗೆ ಒಂದು ಬಹಿರಂಗ ಪತ್ರ

ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗದ ಅಧಿಕಾರಿಗಳಿಗೆ, ರೆಜಿಮೆಂಟ್ ಸೆಂಟರ್‌ಗಳಲ್ಲಿ ಹಳೆಯ ಕಾಗದ ಕಾಯುವವರಿಗೆ, ಪಡೆಗಳ ಇತಿಹಾಸ ಬರೆಯುವ ನಿವೃತ್ತ ಅಧಿಕಾರಿಗಳಿಗೆ, ನಮ್ಮ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ,

ನಮಸ್ಕಾರ.

ನಮ್ಮಪ್ಪ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರು. ಆರ್ಮಿ ಸರ್ವಿಸ್ ಕೋರ್, ಎಲ್ಲರೂ ಹೇಳುವ ಹಾಗೆ ಎಎಸ್‌ಸಿ, ಸೈನ್ಯಕ್ಕೆ ರೇಷನ್, ಇಂಧನ ಮುಟ್ಟಿಸುವ ಪಡೆ. 1968ರಲ್ಲಿ ಭರ್ತಿಯಾಗಿ 1988ರಲ್ಲಿ ಪೆನ್ಷನ್ ಬಂದರು. ಊರಲ್ಲಿ ಯಾರಾದರೂ ‘ನೀವು ಯುದ್ಧ ಮಾಡಿದ್ರಾ?’ ಅಂತ ಕೇಳಿದರೆ ‘ಇಲ್ಲಪ್ಪ, ಗಾಡಿ ಓಡಿಸ್ದೆ’ ಅನ್ನುತ್ತಿದ್ದರು. ಮಾತು ಅಲ್ಲಿಗೇ ನಿಂತುಬಿಡುತ್ತಿತ್ತು. ಕೇಳಿದವರು ಪಕ್ಕದ ಮನೆಯ ಇನ್‌ಫೆಂಟ್ರಿ ಹವಾಲ್ದಾರರ ಕಡೆ ತಿರುಗುತ್ತಿದ್ದರು. ಅಪ್ಪನಿಗೆ ಬೇಜಾರಾಗುತ್ತಿತ್ತೋ ಇಲ್ಲವೋ, ನನಗಂತೂ ಆಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ನಾನು ಪಡೆಗಳ ಇತಿಹಾಸ ಓದಲು ಶುರು ಮಾಡಿದೆ. ಪಲ್ಟನ್ನುಗಳ ಇತಿಹಾಸ, ಯುದ್ಧಗಳ ಇತಿಹಾಸ, ಸಿಕ್ಕಿದ್ದೆಲ್ಲ. ಹೆಚ್ಚಿನವು ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಪಾಠ ಮಾಡುವವಳು ನಾನು, ವಾಕ್ಯದ ಕಡೆ ಕಣ್ಣು ಹೋಗುವುದು ಅಭ್ಯಾಸ. ಗುಡ್ಡ ಹತ್ತಿದವರ ಹೆಸರು ಇರುತ್ತದೆ. ಯಾವ ಕಂಪನಿ, ಯಾವ ಪ್ಲಟೂನ್, ಎಷ್ಟು ಗಂಟೆಗೆ, ಎಲ್ಲ ಇರುತ್ತದೆ. ಅದು ಇರಲೇಬೇಕು. ಆದರೆ ಉಳಿದ ಕೆಲಸದ ಮಾತು ಬಂದಾಗ ವಾಕ್ಯದಿಂದ ಮನುಷ್ಯ ಕಾಣೆಯಾಗುತ್ತಾನೆ. ರೇಷನ್ ಬಂತು. ಮದ್ದುಗುಂಡು ಬಂತು. ರಸ್ತೆ ತೆರೆಯಿತು. ಗಾಯಾಳುಗಳು ಕೆಳಗೆ ಹೋದರು.

ನಾವು ಮಳೆ ಬಂತು ಅನ್ನುತ್ತೇವೆ. ನಿದ್ದೆ ಬಂತು ಅನ್ನುತ್ತೇವೆ. ಅವು ಯಾರೂ ತರದೆ ಬರುವಂಥವು. ರೇಷನ್ ಹಾಗೆ ಬರುವುದಿಲ್ಲ. ಒಬ್ಬ ತರುತ್ತಾನೆ. ಅವನಿಗೆ ಹೆಸರಿದೆ, ನಂಬರ್ ಇದೆ, ಒಂದು ಊರಿದೆ.

ನಾನು ಈ ಪತ್ರದಲ್ಲಿ ಕೇಳುವುದು ಇಷ್ಟೇ. ಹೋರಾಡುವ ಪಡೆಗಳ ಇತಿಹಾಸದ ಜೊತೆಗೆ ಅವುಗಳನ್ನು ಹೊತ್ತು ನಡೆಸಿದ ಪಡೆಗಳ ಇತಿಹಾಸವನ್ನೂ ಬರೆಯಿರಿ. ಅಷ್ಟೇ ಗಮನ ಕೊಟ್ಟು, ಅಷ್ಟೇ ಹೆಸರು ಹಿಡಿದು ಬರೆಯಿರಿ. ನಮ್ಮ ಕಡೆಯವರು ಓದುವ ಹಾಗೆ ಕನ್ನಡದಲ್ಲೂ ತನ್ನಿ. ಕೆಲಸ ಮಾಡಿದವರು ಇನ್ನೂ ಬದುಕಿರುವಾಗಲೇ ಶುರು ಮಾಡಿ.

ಎಲ್ಲರಿಗೂ ಗೊತ್ತಿರುವ ಒಂದು ಘಟನೆಯಿಂದಲೇ ಹೇಳುತ್ತೇನೆ. 1948ರ ನವೆಂಬರ್ 1. ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧ. ಜೋಜಿ ಲಾ, ಕಾಶ್ಮೀರದಿಂದ ಲಡಾಖ್ ಕಡೆ ದಾಟುವ, ಸುಮಾರು 11,500 ಅಡಿ ಎತ್ತರದ ಕಣಿವೆ ದಾರಿ. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆ ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಹಿಮದಲ್ಲಿ ಮೇಲೆ ಬಂದವು. ನಮ್ಮ ಕೊಡಗಿನ ತಿಮ್ಮಯ್ಯನವರು ಆಗ ಮೇಜರ್ ಜನರಲ್, ಮುಂದಿನ ಟ್ಯಾಂಕಿನಲ್ಲೇ ಇದ್ದರು. ಈ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಗೊತ್ತಿರಲೇಬೇಕು.

ಆದರೆ ಟ್ಯಾಂಕಿಗೆ ರಸ್ತೆ ಬೇಕಲ್ವಾ? ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಜಾಡು. ಅದನ್ನು ಟ್ಯಾಂಕ್ ಹತ್ತುವ ದಾರಿ ಮಾಡಿದವರು ಸೈನ್ಯದ ಎಂಜಿನಿಯರ್ ಪಡೆಯವರಾದ ಮದ್ರಾಸ್ ಸ್ಯಾಪರ್‌ಗಳು. ಮೇಜರ್ ತಂಗರಾಜು ಮತ್ತು ಅವರ ಹುಡುಗರು. ಸೈನ್ಯದಲ್ಲಿ ಅವರನ್ನು ಪ್ರೀತಿಯಿಂದ ‘ತಂಬಿ’ ಅಂತ ಕರೆಯುತ್ತಾರೆ. ದಕ್ಷಿಣದ ಬಯಲು ಸೀಮೆ, ಕರಾವಳಿಯ ಹುಡುಗರು. ಹಿಮ ಬೀಳುವ ಜಾಗದಲ್ಲಿ, ಶತ್ರುವಿನ ಗುಂಡಿನ ಅಳತೆಯಲ್ಲಿ, ಬಂಡೆ ಒಡೆದರು, ಅಂಚು ಕಟ್ಟಿದರು. ಕೆಳಗೆ ಶ್ರೀನಗರದ ಕಡೆಯಿಂದ ಬರುವಾಗ ಸೇತುವೆಗಳು ಭಾರ ತಡೆಯುವುದಿಲ್ಲ ಅಂತ ಟ್ಯಾಂಕಿನ ಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಿದ್ದರು. ಮೇಲೆ ಬಂದ ಮೇಲೆ ಮತ್ತೆ ಕೂರಿಸಬೇಕು. ಬೋಲ್ಟ್ ಬಿಚ್ಚಿ, ಚಳಿಗೆ ಬೆರಳು ಮರಗಟ್ಟುವಾಗ ಮತ್ತೆ ಬಿಗಿದವರು ಯಾರು? ಡೀಸೆಲ್, ಪೆಟ್ರೋಲ್ ಹೊತ್ತು ತಂದವರು ಯಾರು? ಅವರ ಹೆಸರುಗಳು ಒಂದು ಪಟ್ಟಿಯಾಗಿ ಇದ್ದರೆ ಅದನ್ನು ಓದುವುದಕ್ಕೇ ನಾನು ಒಂದು ಭಾನುವಾರ ಕೊಡುತ್ತೇನೆ.

ಆ ಮದ್ರಾಸ್ ಸ್ಯಾಪರ್‌ಗಳ ಮನೆ ನಮ್ಮ ಬೆಂಗಳೂರು. ಹಲಸೂರು ಕೆರೆಯ ದಡದಲ್ಲಿ ಅವರ ಸೆಂಟರ್. 1780ರ ಸೆಪ್ಟೆಂಬರ್ 30ಕ್ಕೆ ಮದ್ರಾಸಿನಲ್ಲಿ ಎರಡು ಪಯನೀರ್ ಕಂಪನಿ ಕಟ್ಟಿದ್ದು ಅವರ ಹುಟ್ಟು. ಅದಕ್ಕೆ 20 ದಿನ ಮೊದಲು, ಸೆಪ್ಟೆಂಬರ್ 10ಕ್ಕೆ, ಪೊಲ್ಲಿಲೂರಿನಲ್ಲಿ ಟಿಪ್ಪುವಿನ ದಂಡು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಮಣ್ಣು ಮುಕ್ಕಿಸಿತ್ತು. ಮೈಸೂರಿನ ದಂಡಿನ ಭಯದ ದಿನಗಳಲ್ಲಿ ಹುಟ್ಟಿದ ಪಡೆ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇತ್ತು. ಆಮೇಲೆ 1834ರಲ್ಲಿ ಬೆಂಗಳೂರಿಗೇ ಬಂದು ನೆಲೆಸಿತು. 1912ರಲ್ಲಿ ಇಲ್ಲೇ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಎಂಬ ಅಧಿಕಾರಿ ಮುಳ್ಳುತಂತಿ ಸೀಳುವ ಉದ್ದನೆಯ ಸ್ಫೋಟಕ ಕೊಳವೆ ಮಾಡಿದ. ಅದಕ್ಕೆ ‘ಬೆಂಗಳೂರು ಟಾರ್ಪಿಡೊ’ ಅಂತಲೇ ಹೆಸರು. 1944ರಲ್ಲಿ ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಅದನ್ನು ಬಳಸಿ ದಾರಿ ಮಾಡಿಕೊಂಡರು. ಅದೇ ವರ್ಷ ಫೆಬ್ರವರಿಯಲ್ಲಿ ಇಟಲಿಯಲ್ಲಿ ಇದೇ ಪಡೆಯ ಸುಬೇದಾರ್ ಸುಬ್ರಮಣಿಯನ್, ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಗಾರರನ್ನು ಉಳಿಸಿದರು. ಅವರಿಗೆ ಮರಣೋತ್ತರ ಜಾರ್ಜ್ ಕ್ರಾಸ್ ಕೊಟ್ಟರು. ದಿನಾ ಬಸ್ಸಿನಲ್ಲಿ ಹಲಸೂರು ಕೆರೆ ದಾಟುವ ಎಷ್ಟು ಲಕ್ಷ ಜನ ಇದ್ದೇವೆ ನಾವು. ಕಾಂಪೌಂಡಿನ ಆ ಕಡೆ ಇಷ್ಟೆಲ್ಲ ಇದೆ ಅಂತ ನಮಗೆ ಹೇಳಿದವರು ಕಮ್ಮಿ.

ಕಾರವಾರದ ರಾಮ ರಾಘೋಬ ರಾಣೆಯವರ ವಿಷಯಕ್ಕೆ ಬರುತ್ತೇನೆ. ಚೆಂಡಿಯಾದಲ್ಲಿ ಹುಟ್ಟಿದವರು. ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್. ಪರಮವೀರ ಚಕ್ರ ಪಡೆದು, ಅದನ್ನು ಬದುಕಿದ್ದು ನೋಡಿದವರು. 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಅವರು ಮಾಡಿದ್ದು ರಸ್ತೆ ಬಿಡಿಸುವ ಕೆಲಸ. ನೆಲಬಾಂಬು ಕೀಳುವುದು, ಅಡ್ಡ ಬಿದ್ದ ಮರ ಸರಿಸುವುದು, ತಿರುವು ಕಡಿಯುವುದು. ತೊಡೆಗೆ ಗಾಯ ಆದರೂ ಬಿಡಲಿಲ್ಲ. ಗುಂಡಿನಿಂದ ಮರೆ ಬೇಕು ಅಂತ ಟ್ಯಾಂಕಿನ ಅಡಿಯಲ್ಲೇ ತೆವಳಿಕೊಂಡು ಹೋದರು. ಚಕ್ರಪಟ್ಟಿಗಳ ನಡುವೆ ಒಬ್ಬ ಮನುಷ್ಯ. ಕೈಯಲ್ಲಿ ಹಗ್ಗ. ಹಗ್ಗ ಎಳೆದರೆ ಚಾಲಕ ನಿಲ್ಲಿಸಬೇಕು, ಮತ್ತೆ ಎಳೆದರೆ ಮುಂದೆ ಹೋಗಬೇಕು. ಏಪ್ರಿಲ್ 12ಕ್ಕೆ ರಜೌರಿ ಕೈಗೆ ಬಂತು.

ಆ ಹಗ್ಗದ ಬಗ್ಗೆ ನಾನು ತುಂಬಾ ಸಲ ಯೋಚಿಸಿದ್ದೇನೆ. ಒಂದು ತುದಿಯಲ್ಲಿ ಸ್ಯಾಪರ್, ಇನ್ನೊಂದು ತುದಿಯಲ್ಲಿ ಟ್ಯಾಂಕ್ ಚಾಲಕ. ಚಾಲಕ ಒಂದು ಕ್ಷಣ ತಪ್ಪಿದ್ದರೆ ರಾಣೆ ಇಲ್ಲ. ರಾಣೆ ಒಂದು ಬಾಂಬು ಬಿಟ್ಟಿದ್ದರೆ ಟ್ಯಾಂಕ್ ಇಲ್ಲ. ಹೋರಾಟದ ಪಡೆ ಬೇರೆ, ನೆರವಿನ ಪಡೆ ಬೇರೆ ಅಂತ ನಾವು ಪುಸ್ತಕದಲ್ಲಿ ಎರಡು ಅಧ್ಯಾಯ ಮಾಡುತ್ತೇವೆ. ಆ ದಾರಿಯಲ್ಲಿ ಅವು ಒಂದೇ ಹಗ್ಗದ ಎರಡು ತುದಿ ಆಗಿದ್ದವು.

ರೆಜಾಂಗ್ ಲಾ ಕೂಡ ಹಾಗೇ. ಲಡಾಖ್ ಕಡೆಯ ಕಣಿವೆ ದಾರಿ, ಚೀನಾ ಯುದ್ಧ, 1962ರ ನವೆಂಬರ್ 18. 13 ಕುಮಾವೂನ್‌ನ ಚಾರ್ಲಿ ಕಂಪನಿ, ಮೇಜರ್ ಶೈತಾನ್ ಸಿಂಗ್. ಕೊನೆಯ ಗುಂಡಿನವರೆಗೆ ಹೋರಾಡಿ ನೂರಕ್ಕೂ ಜಾಸ್ತಿ ಜನ ಅಲ್ಲೇ ಮಡಿದರು. ಚಳಿಗಾಲ ಕಳೆದು ಹುಡುಕಿಕೊಂಡು ಹೋದವರಿಗೆ ಹಿಮದಲ್ಲಿ ಹೆಪ್ಪುಗಟ್ಟಿದ ದೇಹಗಳು ಸಿಕ್ಕವು. ಅವುಗಳಲ್ಲಿ ಒಂದು ಆರ್ಮಿ ಮೆಡಿಕಲ್ ಕೋರ್‌ನ ನರ್ಸಿಂಗ್ ಅಸಿಸ್ಟೆಂಟ್ ಧರ್ಮಪಾಲ್ ದಹಿಯಾ ಅವರದು. ಕೈಯಲ್ಲಿ ಸಿರಿಂಜ್ ಹಾಗೇ ಇತ್ತು. ಅವರಿಗೆ ವೀರ ಚಕ್ರ ಬಂತು. ಕುಮಾವೂನ್ ಪಲ್ಟನ್ನಿನ ಕಥೆಯೊಳಗೆ ನಿಂತಿರುವ ಮೆಡಿಕಲ್ ಕೋರ್‌ನ ಹುಡುಗ ಆತ. ಪಡೆಯ ಇತಿಹಾಸವನ್ನು ಪಡೆಯ ಗೋಡೆಯೊಳಗೇ ಬರೆದರೆ ಇಂಥವರು ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತಾರೆ.

ಅದೇ ವರ್ಷ ಪೂರ್ವದ ಗಡಿಯಲ್ಲಿ, ಈಗಿನ ಅರುಣಾಚಲದ ನಾಮ್ಕಾ ಚು ಹೊಳೆಯ ಬಳಿ, ಇದರ ಇನ್ನೊಂದು ಮುಖ ಇದೆ. 7ನೇ ಇನ್‌ಫೆಂಟ್ರಿ ಬ್ರಿಗೇಡಿನ ಜವಾನರು ಹತ್ತಿಯ ಬಟ್ಟೆಯಲ್ಲಿ, ಒಬ್ಬೊಬ್ಬರು ಸುಮಾರು 50 ಸುತ್ತು ಗುಂಡು ಮಾತ್ರ ಇಟ್ಟುಕೊಂಡು ಹೊಳೆ ದಡದಲ್ಲಿ ಕೂತಿದ್ದರು. ವಿಮಾನದಿಂದ ತ್ಸಾಂಗ್‌ಧಾರ್‌ನಲ್ಲಿ ಇಳಿಸಿದ ಸಾಮಾನಿನಲ್ಲಿ ಎಷ್ಟೋ ಕಣಿವೆಗೆ ಬಿದ್ದು ಹೋಯಿತು. ರೇಷನ್ ಬರಲಿಲ್ಲ ಎಂಬುದೂ ಇತಿಹಾಸವೇ. ಯಾಕೆ ಬರಲಿಲ್ಲ, ರಸ್ತೆ ಎಲ್ಲಿಗೆ ನಿಂತಿತ್ತು, ಹೊರುವವರು ಎಷ್ಟು ಜನ ಇದ್ದರು, ಒಬ್ಬ ಎಷ್ಟು ಕಿಲೋ ಹೊತ್ತು ಎಷ್ಟು ದಿನ ನಡೆಯಬೇಕಿತ್ತು, ಇವನ್ನೆಲ್ಲ ಸಾಗಣೆ ಪಡೆಯ ಕಾಗದ ಬಿಟ್ಟರೆ ಬೇರೆ ಯಾವುದು ಹೇಳುತ್ತದೆ? ಆ ಕಾಗದ ಇಲ್ಲದಿದ್ದರೆ ನಾವು ಸೋಲಿನ ಕಾರಣವನ್ನು ಜನರಲ್‌ಗಳ ಜಗಳದಲ್ಲಿ ಮಾತ್ರ ಹುಡುಕುತ್ತಾ ಕೂರುತ್ತೇವೆ.

ಈಗ ಅಪ್ಪನ ಟ್ರಂಕಿನ ವಿಷಯ.

ಕಪ್ಪು ಟ್ರಂಕು. ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ರ‍್ಯಾಂಕು, ಹೆಸರು. ಒಳಗೆ ಡಿಸ್ಚಾರ್ಜ್ ಬುಕ್, ಎರಡು ಮೆಡಲ್, ಒಂದು ಉಣ್ಣೆಯ ಮಫ್ಲರ್, ಅಮ್ಮ ಬರೆದ ಇನ್‌ಲ್ಯಾಂಡ್ ಲೆಟರ್‌ಗಳ ಕಟ್ಟು. ಲೆಟರ್ ಮೇಲೆಲ್ಲ ‘ಕೇರಾಫ್ 56 ಎಪಿಒ’. ಆ ವಿಳಾಸದಲ್ಲಿ ಊರೇ ಇಲ್ಲ. ದೆಹಲಿಯ ಅಂಚೆ ನೆಲೆಗೆ ಹೋಗಿ, ಅಲ್ಲಿಂದ ಸೈನ್ಯದ ಅಂಚೆಯವರು ಪಡೆ ಎಲ್ಲಿದೆಯೋ ಅಲ್ಲಿಗೆ ಮುಟ್ಟಿಸುತ್ತಿದ್ದರು. ಅಮ್ಮನಿಗೆ ಗಂಡ ಎಲ್ಲಿದ್ದಾರೆ ಅಂತ ಗೊತ್ತಿಲ್ಲದೆ 20 ವರ್ಷ ಕಳೆಯಿತು, ಕಾಗದ ಮಾತ್ರ ತಪ್ಪದೆ ಮುಟ್ಟಿತು.

ಟ್ರಂಕಿನ ತಳದಲ್ಲಿ ಒಂದು 200 ಪುಟದ ನೋಟ್ ಬುಕ್. ನೌಕರಿಯಲ್ಲಿದ್ದಾಗ ಡೈರಿ ಬರೆಯುವ ಹಾಗಿರಲಿಲ್ಲ. ಪೆನ್ಷನ್ ಬಂದ ಮೇಲೆ, ಎರಡು ಮಳೆಗಾಲ, ಜಗಲಿಯಲ್ಲಿ ಕೂತು ನೆನಪಿನಿಂದ ಬರೆದದ್ದು. ಬಹುಪಾಲು ಶ್ರೀನಗರ–ಲೇಹ್ ರಸ್ತೆಯ ಮಾತು. ಆ ರಸ್ತೆ ಆಗ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚುತ್ತಿತ್ತು. ತೆರೆದಿರುತ್ತಿದ್ದ ಕೆಲವೇ ತಿಂಗಳಲ್ಲಿ ಲಡಾಖ್‌ನಲ್ಲಿ ಇರುವ ಸೈನ್ಯಕ್ಕೆ ಇಡೀ ಚಳಿಗಾಲಕ್ಕೆ ಬೇಕಾದ್ದನ್ನೆಲ್ಲ ತಲುಪಿಸಬೇಕಿತ್ತು. ಅದಕ್ಕೆ ‘ವಿಂಟರ್ ಸ್ಟಾಕಿಂಗ್’ ಅನ್ನುತ್ತಾರೆ. ಅಕ್ಕಿ, ಬೇಳೆ, ಸೀಮೆಎಣ್ಣೆ, ಡೀಸೆಲ್, ಔಷಧಿ, ಬೂಟು, ಬುಖಾರಿ ಒಲೆ. ಅಪ್ಪ ಓಡಿಸುತ್ತಿದ್ದದ್ದು ಶಕ್ತಿಮಾನ್. ಕಾನ್ವಾಯಿನಲ್ಲಿ ಹೋಗುವುದು, ಟ್ರಾನ್ಸಿಟ್ ಕ್ಯಾಂಪಿನಲ್ಲಿ ಮಲಗುವುದು, ಬೆಳಿಗ್ಗೆ ಎಂಜಿನ್ ಕೆಳಗೆ ಬೆಂಕಿ ಹಿಡಿದು ಬಿಸಿ ಮಾಡಿ ಸ್ಟಾರ್ಟ್ ಮಾಡುವುದು.

ನೋಟ್ ಬುಕ್ಕಿನ ಕೆಲವು ಸಾಲು ಇಲ್ಲಿ ಹಾಗೇ ಬರೆಯುತ್ತೇನೆ. ಲಂಗರ್ ಅಂದರೆ ಸೈನ್ಯದ ಅಡುಗೆಮನೆ, ಇಎಂಇ ಅಂದರೆ ಗಾಡಿ, ಯಂತ್ರ ರಿಪೇರಿ ಮಾಡುವ ಪಡೆ.

‘ಸೋನಾಮಾರ್ಗದಿಂದ ದ್ರಾಸ್. ಸೀಮೆಎಣ್ಣೆ ಬ್ಯಾರಲ್. ಮಧ್ಯಾಹ್ನ ಹಿಮ. ಚೈನ್ ಹಾಕಿದೆವು. ಮುಂದಿನ ಗಾಡಿ ಜಾರಿತು, ಹಗ್ಗ ಕಟ್ಟಿ ಹಿಡಿದೆವು.’

‘ಆಲೂಗಡ್ಡೆ. ಅರ್ಧ ಹೆಪ್ಪುಗಟ್ಟಿ ಕಲ್ಲಾಗಿತ್ತು. ಲಂಗರ್‌ನವರು ಬಯ್ಯಲಿಲ್ಲ.’

‘ಫೋತು ಲಾ. ಬ್ರೇಕ್ ಹಿಡಿಯಲಿಲ್ಲ. ಗುಡ್ಡಕ್ಕೆ ಒರಗಿಸಿ ನಿಲ್ಲಿಸಿದೆ. ಇಎಂಇ ಹುಡುಗರು ರಾತ್ರಿ 2 ಗಂಟೆಗೆ ಬಂದರು. ಟಾರ್ಚ್ ಹಿಡಿದದ್ದು ನಾನು.’

‘ಕಾಗದದ ಚೀಲ ಇತ್ತು. ಗಾಡಿ ನಿಲ್ಲುವ ಮುಂಚೆ ಎಲ್ಲರೂ ಓಡಿ ಬಂದರು. ರೇಷನ್ ಆಮೇಲೆ ಇಳಿಸಿದರು.’

ಒಂದು ಪುಟದಲ್ಲಿ ಒಂದೇ ಹೆಸರು ಇದೆ, ಕೆಳಗೆ ‘ಗಾಡಿ ಸಮೇತ’ ಅಂತ. ಅಪ್ಪನ ಜೊತೆಗಾರ. ಕಣಿವೆಗೆ ಬಿದ್ದವರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವರ ಮನೆಯವರ ಒಪ್ಪಿಗೆ ಬೇಕು. ಆದರೆ ಆ ಪುಟ ನನ್ನನ್ನು ಒಂದು ವಿಷಯಕ್ಕೆ ಕರೆದುಕೊಂಡು ಹೋಯಿತು. ಸೈನ್ಯದಲ್ಲಿ ಸಾವಿಗೆ ಎರಡು ಪಟ್ಟಿ ಇದೆ. ‘ಬ್ಯಾಟಲ್ ಕ್ಯಾಶುವಾಲ್ಟಿ’ ಒಂದು, ‘ಫಿಸಿಕಲ್ ಕ್ಯಾಶುವಾಲ್ಟಿ’ ಇನ್ನೊಂದು. ರಸ್ತೆಯಲ್ಲಿ ಹೋದವರು ಬಹಳ ಸಲ ಎರಡನೆಯ ಪಟ್ಟಿಗೆ ಸೇರುತ್ತಾರೆ. ಪಿಂಚಣಿ, ಪರಿಹಾರದ ಲೆಕ್ಕಕ್ಕೆ ಈ ವಿಂಗಡಣೆ ಬೇಕಾಗಬಹುದು. ಅದರ ಬಗ್ಗೆ ನಾನು ಈ ಪತ್ರದಲ್ಲಿ ವಾದ ಮಾಡುವುದಿಲ್ಲ. ಇತಿಹಾಸಕ್ಕೂ ಅದೇ ವಿಂಗಡಣೆ ಯಾಕೆ? ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರಲ್ಲಿ ತೆರೆದಾಗ ಗ್ರಾನೈಟ್ ಇಟ್ಟಿಗೆಗಳ ಮೇಲೆ 25,942 ಹೆಸರು ಇದ್ದವು. ಒಂದೊಂದು ಇಟ್ಟಿಗೆಗೂ ಕೈ ಮುಗಿಯುತ್ತೇನೆ. ಗೋಡೆಯಲ್ಲಿ ಜಾಗ ಇಲ್ಲದವರಿಗೆ ಅವರ ಪಡೆಯ ಪುಸ್ತಕದ ಕೊನೆಯಲ್ಲಾದರೂ ಒಂದು ಪುಟ ಇರಲಿ. ತಾರೀಕು, ಜಾಗ, ಗಾಡಿಯಲ್ಲಿ ಏನು ತುಂಬಿತ್ತು, ಎಲ್ಲಿಗೆ ಹೋಗುತ್ತಿತ್ತು. ಇಷ್ಟು ಸಾಕು.

ಅಪ್ಪ ಓಡಿಸಿದ ಕಂಪನಿಯ ಆ ವರ್ಷಗಳ ಕಾಗದ ಏನಾದರೂ ಉಳಿದಿದೆಯಾ ಅಂತ ನಾನು ಒಂದು ಕಚೇರಿಗೆ ಬರೆದೆ. ಮೂರು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ಗಾಡಿಗಳ ಲಾಗ್ ಬುಕ್, ಕಾರ್ ಡೈರಿ ಇಂಥವನ್ನು ಇಟ್ಟುಕೊಳ್ಳುವ ಅವಧಿ ಮುಗಿದ ಕಾರಣ ನಾಶ ಮಾಡಲಾಗಿದೆ ಅಂತ. ಬರೆದ ಗುಮಾಸ್ತರ ತಪ್ಪು ಅಂತ ನಾನು ಹೇಳುವುದಿಲ್ಲ. ಅವರು ನಿಯಮ ಓದಿ ಉತ್ತರಿಸಿದ್ದಾರೆ. ಆದರೆ ಆ ದಿನ ನನಗೆ ಅನಿಸಿತು: ಇನ್‌ಫೆಂಟ್ರಿಗೆ ಯುದ್ಧದ ಡೈರಿ ಹೇಗೋ, ಸಾಗಣೆ ಕಂಪನಿಗೆ ಲಾಗ್ ಬುಕ್ ಹಾಗೆ. ಅವರ ಯುದ್ಧ ನಡೆದದ್ದೇ ಆ ಅಂಕಣಗಳಲ್ಲಿ. ಎಷ್ಟು ಕಿಲೋಮೀಟರ್, ಎಷ್ಟು ಲೀಟರ್, ಎಲ್ಲಿ ಕೆಟ್ಟಿತು, ಯಾರು ರಿಪೇರಿ ಮಾಡಿದರು.

2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಒಂದು ಒಳ್ಳೆಯ ನೀತಿ ತಂದಿತು. ಯುದ್ಧ, ಕಾರ್ಯಾಚರಣೆಗಳ ದಾಖಲೆಗಳನ್ನು ಪಡೆಗಳು ಇತಿಹಾಸ ವಿಭಾಗಕ್ಕೆ ಕಳಿಸಬೇಕು. ಕಾರ್ಯಾಚರಣೆ ಮುಗಿದ ಎರಡು ವರ್ಷದೊಳಗೆ ಸಮಿತಿ ಆಗಬೇಕು, ಆಮೇಲಿನ ಮೂರು ವರ್ಷದಲ್ಲಿ ಇತಿಹಾಸ ಬರೆದು ಮುಗಿಸಬೇಕು. 25 ವರ್ಷಕ್ಕಿಂತ ಹಳೆಯ ದಾಖಲೆಗಳನ್ನು ತಜ್ಞರು ನೋಡಿ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಡಬೇಕು. ಓದಿ ನನಗೆ ನಿಜವಾಗಿಯೂ ಖುಷಿಯಾಯಿತು. ಕಳಿಸಬೇಕಾದ ಕಾಗದಗಳ ಪಟ್ಟಿಯಲ್ಲಿ ಯುದ್ಧದ ಡೈರಿ ಇದೆ. ಅದರ ಪಕ್ಕದಲ್ಲಿ ಇನ್ನೂ ಕೆಲವು ಕಾಗದ ಸೇರಿಸಿ ಎಂಬುದು ನನ್ನ ಬೇಡಿಕೆ. ಸಾಗಣೆ ಕಂಪನಿಗಳ ಲಾಗ್ ಬುಕ್, ಇಎಂಇ ವರ್ಕ್‌ಶಾಪ್‌ಗಳ ಕೆಲಸದ ರಿಜಿಸ್ಟರ್, ಫೀಲ್ಡ್ ಆಂಬುಲೆನ್ಸ್ ಎಂಬ ಯುದ್ಧಭೂಮಿಯ ವೈದ್ಯಕೀಯ ಪಡೆಗಳ ದಾಖಲಾತಿ ಪುಸ್ತಕ, ಸಿಬ್ಬಂದಿಯ ವಿವರ ಬರೆದಿಡುವ ಪಾರ್ಟ್ ಟೂ ಆರ್ಡರ್. ಎಲ್ಲವನ್ನೂ ಇಡಲು ಆಗುವುದಿಲ್ಲ ಅಂತ ಗೊತ್ತು. ನಾಶ ಮಾಡುವ ಮುಂಚೆ ಇತಿಹಾಸ ಗೊತ್ತಿರುವ ಒಬ್ಬರು ಕಣ್ಣಾಡಿಸಲಿ. ಯುದ್ಧದ ವರ್ಷಗಳವು, ಕಷ್ಟದ ರಸ್ತೆಗಳವು, ಇಷ್ಟಾದರೂ ಸ್ಕ್ಯಾನ್ ಆಗಲಿ.

ಇಂಥ ಕಾಗದದಿಂದ ಎಂಥ ಕಥೆ ಬರುತ್ತದೆ ಅಂತ ಅನುಮಾನ ಇರುವವರು 60 ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಕಡೆ ನೋಡಲಿ. 1950ರ ನವೆಂಬರ್‌ನಲ್ಲಿ ಕೊರಿಯಾಕ್ಕೆ ಹೋದ ನಮ್ಮ ವೈದ್ಯಕೀಯ ಪಡೆ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಮುಖ್ಯಸ್ಥರು. ಡಿಸೆಂಬರ್‌ನಲ್ಲಿ ಪ್ಯಾಂಗ್ಯಾಂಗ್ ಬಿಟ್ಟು ಹಿಂದೆ ಸರಿಯಿರಿ ಅಂತ ಆಜ್ಞೆ ಬಂತು. ಲಾರಿ ಇಲ್ಲ. ಔಷಧಿ, ಆಪರೇಷನ್ ಸಾಮಾನು ಬಿಟ್ಟು ಹೋದರೆ ಪಡೆ ಇದ್ದೂ ಇಲ್ಲದ ಹಾಗೆ. ಅವರು ಒಂದು ಹಳೆಯ ಉಗಿಬಂಡಿ ಎಂಜಿನ್ ಹುಡುಕಿದರು. ಬಕೆಟ್ಟಿನಲ್ಲಿ ನೀರು ಹೊತ್ತು ಬಾಯ್ಲರ್ ತುಂಬಿದರು. ತಾವೇ ಬೆಂಕಿ ಹಾಕಿ, ಸಾಮಾನೆಲ್ಲ ರೈಲು ಡಬ್ಬಿಗಳಿಗೆ ತುಂಬಿ, ಸೇತುವೆ ಸಿಡಿಸುವ ಮೊದಲು ನದಿ ದಾಟಿಸಿದರು. ಮುಂದಿನ ಮಾರ್ಚ್‌ನಲ್ಲಿ ಅದೇ ಪಡೆಯ 12 ಜನ ಅಮೆರಿಕದ ಪ್ಯಾರಾ ಸೈನಿಕರ ಜೊತೆ ಮುನ್ಸಾನ್ ಹತ್ತಿರ ವಿಮಾನದಿಂದ ಧುಮುಕಿದರು, ಗಾಯಾಳುಗಳನ್ನು ನೋಡಿಕೊಳ್ಳಲು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಬಕೆಟ್ ಸಾಲಿನಲ್ಲಿ ನಿಂತವರ ಹೆಸರು ನನಗೆ ಬೇಕು.

ಇನ್ನೂ ಹಿಂದಕ್ಕೆ ಹೋದರೆ ನಮ್ಮದೇ ನೆಲದಲ್ಲಿ ಇದರ ಬೇರು ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಕೊಡುತ್ತಿದ್ದ ದನಗಳ ಇಲಾಖೆ. ಹೈದರ್ ಅಲ್ಲಿನ ಎತ್ತುಗಳನ್ನು ಫಿರಂಗಿ ಎಳೆಯಲು, ಸಾಮಾನು ಸಾಗಿಸಲು ಹಚ್ಚಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟು ಕಟ್ಟುನಿಟ್ಟು ಮಾಡಿದ. ಚಿದಂಬರದ ನೆರವಿಗೆ ಹೈದರನ ದಂಡು ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳಿಂದ ಅಂತ ಹಳೆಯ ಗೆಜೆಟಿಯರ್ ಬರೆಯುತ್ತದೆ. 1799ರ ನಂತರ ಬ್ರಿಟಿಷರು ಟಿಪ್ಪುವಿನ ರಾಕೆಟ್ ಜೊತೆಗೆ ಈ ದನಗಳನ್ನೂ ತಮ್ಮದು ಮಾಡಿಕೊಂಡರು. ಅಜ್ಜಂಪುರದ ಕಡೆ ಇಂದಿಗೂ ಆ ತಳಿ ಇದೆ, ಕಾವಲುಗಳ ಹೆಸರು ಉಳಿದಿವೆ. ರಾಕೆಟ್ ಬಗ್ಗೆ ನಾವು ಎಷ್ಟು ಮಾತಾಡುತ್ತೇವೆ. ಎತ್ತು ಕಾಯ್ದ ಸೇರ್ವೇಗಾರರನ್ನು ನೆನೆಸುವುದಿಲ್ಲ. ನನ್ನ ಮಟ್ಟಿಗೆ ಅಪ್ಪನ ಶಕ್ತಿಮಾನಿನ ಅಜ್ಜ ಮುತ್ತಜ್ಜ ಆ ಎತ್ತುಗಳೇ.

ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಗೆದ್ದದ್ದು ಈಗ ಚೆನ್ನಾಗಿ ಪ್ರಚಾರಕ್ಕೆ ಬಂದಿದೆ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ನಮ್ಮವನು. ಒಳ್ಳೆಯದಾಯಿತು. ಆ ಕುದುರೆಗಳಿಗೆ ನಾಲ ಹೊಡೆದವರು, ನೀರು ಕುಡಿಸಿದವರು, ಹುಲ್ಲು ಹೊತ್ತವರು ಕೂಡ ಮೈಸೂರಿನಿಂದಲೇ ಹಡಗು ಹತ್ತಿದವರು. ಅವರನ್ನು ಆಗ ‘ಫಾಲೋವರ್ಸ್’ ಅಂದರು, ಹಿಂಬಾಲಕರು. ಆ ಪದ ನನಗೆ ಚುಚ್ಚುತ್ತದೆ. ಎರಡನೇ ಮಹಾಯುದ್ಧದಲ್ಲಿ ಹೇಸರಗತ್ತೆಗಳ ನಾಲ್ಕು ಸಾಗಣೆ ಕಂಪನಿ ಭಾರತದಿಂದ ಫ್ರಾನ್ಸಿಗೆ ಹೋಗಿದ್ದವು. 1940ರಲ್ಲಿ ಡಂಕರ್ಕ್‌ನ ಮರಳಲ್ಲಿ ನಮ್ಮವರೂ ಇದ್ದರು. ಒಂದು ಕಂಪನಿ ಇಡಿಯಾಗಿ ಜರ್ಮನರ ಸೆರೆ ಸಿಕ್ಕಿತು. ನಾನು ಶಾಲೆಯಲ್ಲಿ ಓದಿದ ಡಂಕರ್ಕ್ ಪಾಠದಲ್ಲಿ ಅವರು ಇರಲಿಲ್ಲ.

ಒಂದು ಆಕ್ಷೇಪ ನನಗೆ ಮೊದಲೇ ಕೇಳಿಸುತ್ತದೆ. ಗುಂಡಿಗೆ ಎದೆ ಕೊಟ್ಟವರ ಮಾತು ಮೊದಲು ಬರಬೇಕಲ್ವಾ ಅಂತ. ಬರಬೇಕು. ಅಪ್ಪ ಇದ್ದಿದ್ದರೆ ಅವರೇ ಮೊದಲು ಹಾಗೆ ಹೇಳುತ್ತಿದ್ದರು. ಪೋಸ್ಟಿನಲ್ಲಿ ಕೂತ ಹುಡುಗರ ಬಗ್ಗೆ ಅವರಿಗೆ ಇದ್ದ ಗೌರವ ನಾನು ನೋಡಿದ್ದೇನೆ. ಪದಕದಲ್ಲಿ ಪಾಲು ನಾನು ಕೇಳುತ್ತಿಲ್ಲ. ಕಥೆ ಪೂರ್ತಿ ಹೇಳಿ ಅಂತ ಕೇಳುತ್ತಿದ್ದೇನೆ. 1999ರಲ್ಲಿ ಕಾರ್ಗಿಲ್ ಯುದ್ಧ ಟಿವಿಯಲ್ಲಿ ಬರುತ್ತಿದ್ದಾಗ ನಾವೆಲ್ಲ ಬೋಫೋರ್ಸ್ ತೋಪು ನೋಡುತ್ತಿದ್ದೆವು. ಅಪ್ಪ ಕುರ್ಚಿಯಿಂದ ಎದ್ದು ಟಿವಿ ಹತ್ತಿರ ಹೋದರು. ಪರದೆಯ ಮೂಲೆಯಲ್ಲಿ ರಸ್ತೆ ಕಾಣುತ್ತಿತ್ತು. ‘ಇದು ದ್ರಾಸ್ ದಾಟಿ ಬರೋ ತಿರುವು’ ಅಂದರು. ಆಮೇಲೆ, ‘ಮೇಲಿಂದ ನೋಡ್ತಿದ್ದಾರೆ ಅವರು, ನಮ್ಮ ಹುಡುಗರು ರಾತ್ರಿ ಲೈಟ್ ಹಾಕ್ದೆ ಓಡಿಸ್ಬೇಕು’ ಅಂದರು. ಅಷ್ಟು ಹೊತ್ತು ಬೆರಳು ಆ ರಸ್ತೆಯ ಮೇಲೆಯೇ ಇತ್ತು. ತೋಪಿನ ಗುಂಡು ಆ ರಸ್ತೆಯಲ್ಲೇ ಬಂದದ್ದು. ಇಷ್ಟನ್ನು ಪುಸ್ತಕ ಹೇಳಿದರೆ ತೋಪಿನವರ ಗೌರವ ಏನು ಕಮ್ಮಿಯಾಗುತ್ತದೆ?

ರಾಜ್ಯ ಸರ್ಕಾರಕ್ಕೆ ನನ್ನ ಮಾತು ಬೇರೆ ಇದೆ. ಮಡಿಕೇರಿಯ ‘ಸನ್ನಿಸೈಡ್’, ತಿಮ್ಮಯ್ಯನವರ ಮನೆ, 2021ರಲ್ಲಿ ಮ್ಯೂಸಿಯಂ ಆಯಿತು. ಹೋಗಿ ನೋಡಿದ್ದೇನೆ, ಕಣ್ಣು ತುಂಬಿ ಬಂತು. ಬೆಂಗಳೂರಲ್ಲಿ ಎಎಸ್‌ಸಿ ಸೆಂಟರ್ ಇದೆ, ಮದ್ರಾಸ್ ಸ್ಯಾಪರ್‌ಗಳಿದ್ದಾರೆ, ಪಯನೀರ್ ಕೋರ್ ಇದೆ, ಮಿಲಿಟರಿ ಪೊಲೀಸ್ ಸೆಂಟರ್ ಇದೆ, 515 ಆರ್ಮಿ ಬೇಸ್ ವರ್ಕ್‌ಶಾಪ್ ಇದೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಇದೆ. ಇಷ್ಟೊಂದು ಪಡೆಗಳ ಮನೆ ನಮ್ಮ ರಾಜ್ಯ. ಇವುಗಳ ಬಗ್ಗೆ ಕನ್ನಡದಲ್ಲಿ ಚಿಕ್ಕ ಚಿಕ್ಕ ಪುಸ್ತಕ ಮಾಡಿಸಿ, 100 ಪುಟದವು, ಫೋಟೊ ಮತ್ತು ರಸ್ತೆಯ ನಕ್ಷೆ ಇರುವವು. ಪಿಯುಸಿ ಮಕ್ಕಳು ಓದುವ ಭಾಷೆಯಲ್ಲಿ ಇರಲಿ. ಮಾಜಿ ಸೈನಿಕರ ಮಾತನ್ನು ದಾಖಲು ಮಾಡಿಸಿ. ಸೈನಿಕ ಕಲ್ಯಾಣ ಇಲಾಖೆಯ ಬಳಿ ಹೆಸರುಗಳಿವೆ. 1971ರಲ್ಲಿ 20 ವರ್ಷದವನಿದ್ದ ಹುಡುಗನಿಗೆ ಈಗ 70 ದಾಟಿದೆ. ಅವರ ಹತ್ತಿರ ಹೋಗಿ ‘ಯುದ್ಧ ಮಾಡಿದ್ರಾ?’ ಅಂತ ಕೇಳಬೇಡಿ. ‘ನಿಮ್ಮ ಕೆಲಸ ಏನಿತ್ತು, ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತಿದ್ರಿ?’ ಅಂತ ಕೇಳಿ. ಅಡುಗೆಯವನು ಎಷ್ಟು ಗಂಟೆಗೆ ಒಲೆ ಹಚ್ಚಿದ ಅಂತ ಹೇಳುತ್ತಾನೆ. ಸಿಗ್ನಲ್‌ನವನು ತಂತಿ ಎಲ್ಲಿ ತುಂಡಾಗಿತ್ತು ಅಂತ ಹೇಳುತ್ತಾನೆ.

ಮನೆಯಲ್ಲಿ ಇಂಥ ಟ್ರಂಕು ಇರುವವರೇ, ದಯವಿಟ್ಟು ಗುಜರಿಗೆ ಹಾಕಬೇಡಿ. ಫೋಟೊ ಹಿಂದೆ ಹೆಸರು ಬರೆಯಿರಿ, ಗೊತ್ತಿರುವವರು ಇರುವಾಗಲೇ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಇಂಕು ಮುಂದಕ್ಕೆ ಹಾಯುತ್ತದೆ.

ಅಪ್ಪನ ನೋಟ್ ಬುಕ್ಕಿನಲ್ಲಿ ಬರೆದ ಪುಟಗಳು 143. ನಾನು 96ರವರೆಗೆ ನಕಲು ಮಾಡಿದ್ದೇನೆ. ಕೆಲವು ಊರಿನ ಹೆಸರು ಓದಲು ಆಗುತ್ತಿಲ್ಲ, ಆ ರಸ್ತೆಯಲ್ಲಿ ಗಾಡಿ ಓಡಿಸಿದವರು ಯಾರಾದರೂ ಇದ್ದರೆ ಸಹಾಯ ಮಾಡಿ. ಮುಗಿದ ಮೇಲೆ ಮೂಲವನ್ನೇ ಕೊಡಲು ನಾನು ತಯಾರಿದ್ದೇನೆ. ಇತಿಹಾಸ ವಿಭಾಗವೋ, ಎಎಸ್‌ಸಿ ಸೆಂಟರೋ, ರಾಜ್ಯದ ಪತ್ರಾಗಾರವೋ, ಒಬ್ಬ ಡ್ರೈವರ್ ಕನ್ನಡದಲ್ಲಿ ಬರೆದ ಪುಸ್ತಕವನ್ನು ಯಾರು ತೆಗೆದುಕೊಳ್ಳುತ್ತೀರಿ, ಯಾವ ವಿಳಾಸಕ್ಕೆ ಕಳಿಸಬೇಕು, ದಯವಿಟ್ಟು ತಿಳಿಸಿ.

ಇಂತಿ,
ಒಬ್ಬ ಎಎಸ್‌ಸಿ ಡ್ರೈವರ್ ಮಗಳು